ಕಲಿಸುವುದೂ ಕೆಲಸವೇ

ಗಿರಣಿ ಮತ್ತು ಲೇತ್‌ಗಳ ಸೀಮೆಯಾಗಿದ್ದ ದಾವಣಗೆರೆ–ಹರಿಹರದಲ್ಲಿ ಹಿರಿಯರ ಕೈಗುಣ ಕಿರಿಯರಿಗೆ ದಾಟುತ್ತಿದ್ದುದು ಹೇಗೆ? ಆ ಕೊಂಡಿ ಎಲ್ಲಿ ಕಳಚಿತು? ಇಂದಿನ ಕೆಲಸದ ಜಾಗಗಳಲ್ಲಿ ಅದನ್ನು ಮತ್ತೆ ಬೆಸೆಯಲು ಏನು ಮಾಡಬೇಕು?

ಹಳೆಯ ಯಂತ್ರಗಳನ್ನು ಕೊಂಡು ಮಾರುವವರ ನಡುವೆ ‘ಕಿರ್ಲೋಸ್ಕರ್ ಟರ್ನ್‌ಮಾಸ್ಟರ್’ ಎಂಬ ಹೆಸರಿಗೆ ಇವತ್ತಿಗೂ ಮರ್ಯಾದೆಯಿದೆ. ಈ ಲೇತ್ ಹುಟ್ಟಿದ್ದು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕಗಳು ದಾಟಿದರೂ ಅಲ್ಲಿ ತಯಾರಾದ ಲೇತ್‌ಗಳು ಸಣ್ಣ ವರ್ಕ್‌ಶಾಪ್‌ಗಳಲ್ಲಿ, ತರಬೇತಿ ಶಾಲೆಗಳಲ್ಲಿ ಇನ್ನೂ ತಿರುಗುತ್ತಿವೆ. ಅಂಥ ಯಂತ್ರವನ್ನು ಕೈಯಿಂದಲೇ ತೀಡಿ, ತಿದ್ದಿ, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಜೋಡಿಸಬಲ್ಲವರು ಮಾತ್ರ ವಿರಳರಾಗಿದ್ದಾರೆ. ಆ ಪೀಳಿಗೆ ನಿವೃತ್ತಿಯ ವಯಸ್ಸನ್ನು ಎಂದೋ ದಾಟಿದೆ.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಈ ಸಣ್ಣ ಹರವಿನಲ್ಲಿ ಕಳೆದ ಶತಮಾನದ ಕರ್ನಾಟಕದ ಕೈಗಾರಿಕಾ ಚರಿತ್ರೆಯ ದೊಡ್ಡ ಭಾಗವೊಂದು ಆಗಿಹೋಗಿದೆ. ಕಚೇರಿ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಹಿರಿಯರು ಕಿರಿಯರಿಗೆ ದಾರಿ ತೋರಿಸುವುದನ್ನು ಇಂದು ‘ಮೆಂಟರಿಂಗ್’ ಎನ್ನುತ್ತಾರೆ. ಮಾನವ ಸಂಪನ್ಮೂಲ ವಿಭಾಗಗಳಿಗೆ ಅದು ಹೊಸ ವಿಷಯದಂತೆ ಕಾಣಬಹುದು. ಈ ಎರಡು ಊರುಗಳಿಗೆ ಅದು ಹೊಸದಲ್ಲ. ಅದು ಇದ್ದಾಗ ಏನಾಗುತ್ತದೆ, ತಪ್ಪಿದಾಗ ಏನಾಗುತ್ತದೆ ಎಂಬೆರಡನ್ನೂ ಇವು ಕಂಡಿವೆ.

ಮಿಲ್ಲಿನ ಊರು, ಯಂತ್ರದ ಊರು

1930ರ ದಶಕದಲ್ಲಿ ಆರಂಭವಾದ ದಾವಣಗೆರೆ ಕಾಟನ್ ಮಿಲ್ಲಿನ ಹಿಂದೆಯೇ ಒಂದೊಂದಾಗಿ ಇತರ ಗಿರಣಿಗಳು ಬಂದವು. ಗಣೇಶರ್, ಶಂಕರ್, ಚಂದ್ರೋದಯ, ಆಂಜನೇಯ, ತೋಳಹುಣಸೆಯ ಯಲ್ಲಮ್ಮ ಮಿಲ್ ಹೀಗೆ ಬೆಳೆದು ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. ಸುತ್ತಲಿನ ಒಣಭೂಮಿಯ ಹಳ್ಳಿಗಳಿಂದ ಬಂದ ಹುಡುಗರಲ್ಲಿ ಹೆಚ್ಚಿನವರು ಯಂತ್ರವನ್ನು ಮುಟ್ಟಿ ನೋಡಿದವರಲ್ಲ. ನೂಲುವ ಯಂತ್ರದಲ್ಲಿ ಎಳೆ ಹರಿದಾಗ ಅದನ್ನು ಬೆರಳ ತುದಿಯಲ್ಲಿ ಹಿಡಿದು ಮತ್ತೆ ಸೇರಿಸುವುದು ಕ್ಷಣಾರ್ಧದ ಕೆಲಸ. ಅದನ್ನು ಪಕ್ಕದಲ್ಲಿ ನಿಂತ ಹಳಬರನ್ನು ನೋಡಿಯೇ ಕಲಿಯಬೇಕಿತ್ತು. ಪಾಳಿ, ಕೂಲಿ, ಹಕ್ಕುಗಳ ಪಾಠವೂ ಅದೇ ಅಂಗಳದಲ್ಲಿ ನಡೆಯಿತು. ಮಿಲ್ ಕಾರ್ಮಿಕರ ಬೆಂಬಲದಿಂದಲೇ ಕಮ್ಯುನಿಸ್ಟ್ ನಾಯಕ ಪಂಪಾಪತಿ ದಾವಣಗೆರೆಯಿಂದ ವಿಧಾನಸಭೆಗೆ ಹೋದರು.

ಹರಿಹರದ ಕಥೆ ಶುರುವಾಗುವುದು 1941ರಲ್ಲಿ, ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯೊಂದಿಗೆ. ಅದರ ಹಿಂದಿದ್ದ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಉದ್ಯಮಿಯಾಗುವ ಮೊದಲು ಅವರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾಗಿದ್ದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಾಗಲೂ ಸೈಕಲ್ ಮಾರುವುದರ ಜೊತೆಗೆ ಅದನ್ನು ತುಳಿಯುವುದನ್ನು ಕಲಿಸುತ್ತಿದ್ದರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದಾಗ ಅವರ ಸುತ್ತ ಸೇರಿದವರಲ್ಲಿ ದೊಡ್ಡ ಪದವಿ ಪಡೆದವರು ಕಡಿಮೆ. ಶಾಲೆ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಅಲ್ಲಿ ಕೆಲಸ ಕಲಿಯುತ್ತಲೇ ಕಲ್ಪನಾಶಕ್ತಿಯುಳ್ಳ ಎಂಜಿನಿಯರ್ ಆದರು. ಕೆಲಸದ ಜಾಗವೇ ಶಾಲೆ ಎಂಬ ಈ ನಂಬಿಕೆ ತುಂಗಭದ್ರೆಯ ದಡಕ್ಕೂ ಬಂತು. ಹರಿಹರದಲ್ಲಿ ಯಂತ್ರಪುರ ಎಂಬ ಹೆಸರಿನ ಬಡಾವಣೆಯೇ ಬೆಳೆಯಿತು. ಅಪ್ಪ ಫೌಂಡ್ರಿಯಲ್ಲಿ, ಚಿಕ್ಕಪ್ಪ ಮೆಷಿನ್ ಶಾಪಿನಲ್ಲಿ, ಪಕ್ಕದ ಮನೆಯ ಹುಡುಗ ಅಪ್ರೆಂಟಿಸ್ ಎನ್ನುವಂಥ ಬದುಕು ಅಲ್ಲಿ ರೂಪುಗೊಂಡಿತು.

1972ರಲ್ಲಿ ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಮರದಿಂದ ತಿರುಳು ತೆಗೆಯುವ ಆ ಕಾರ್ಖಾನೆ ಹಗಲಿರುಳು ನಿಲ್ಲದೆ ನಡೆಯುವಂಥದ್ದು. ಅಂಥ ಕಡೆ ಪಾಳಿ ಬದಲಾಗುವ ಹತ್ತು ನಿಮಿಷವೇ ನಿತ್ಯದ ಪಾಠ. ಯಾವ ಪಂಪು ಬಿಸಿಯಾಗುತ್ತಿದೆ, ಯಾವ ವಾಲ್ವ್ ಮೊಂಡಾಟ ಮಾಡುತ್ತಿದೆ ಎಂಬುದನ್ನು ಹೋಗುವವರು ಬರುವವರಿಗೆ ಹೇಳಿಯೇ ಹೋಗಬೇಕು.

ಪುಸ್ತಕಕ್ಕೆ ಸಿಗದ ವಿದ್ಯೆ

ಹಿರಿಯರಿಂದ ಕಿರಿಯರಿಗೆ ದಾಟುವ ವಿದ್ಯೆ ಎಂಥದ್ದು ಎಂದು ತಿಳಿಯಲು ಲೇತ್ ತಯಾರಿಕೆಯ ಒಂದು ಹಂತವನ್ನು ನೋಡಿದರೆ ಸಾಕು. ಲೇತ್‌ನ ಬೆಡ್ ಮೇಲೆ ಕ್ಯಾರೇಜ್ ಹಿಂದೆ ಮುಂದೆ ಸರಿದಾಡುತ್ತದೆ. ಆ ದಾರಿ ಒಂದಿಷ್ಟು ಉಬ್ಬಿದರೂ ಯಂತ್ರ ತಿರುವಿದ ಪ್ರತಿ ತುಂಡೂ ಕೆಡುತ್ತದೆ. ಹಾಗಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ಸವರಿ, ಅದನ್ನು ಬೆಡ್ ಮೇಲೆ ಉಜ್ಜುತ್ತಾರೆ. ಉಬ್ಬಿದ ಜಾಗಕ್ಕೆ ಮಾತ್ರ ನೀಲಿ ಅಂಟುತ್ತದೆ. ಫಿಟ್ಟರ್ ಸ್ಕ್ರೇಪರ್ ಹಿಡಿದು ಅಷ್ಟನ್ನೇ ಕೆರೆಯುತ್ತಾನೆ. ಮತ್ತೆ ನೀಲಿ, ಮತ್ತೆ ಉಜ್ಜು, ಮತ್ತೆ ಕೆರೆತ. ಒಂದು ಚದರ ಅಂಗುಲದಲ್ಲಿ ಎಷ್ಟು ನೀಲಿ ಚುಕ್ಕೆ ಮೂಡಿದವು ಎಂದು ಎಣಿಸಿ ಕೆಲಸದ ಗುಣ ಹೇಳುತ್ತಾರೆ.

ಈ ವಿವರಣೆ ಓದಿದವರಿಗೆ ಸ್ಕ್ರೇಪಿಂಗ್ ಏನೆಂದು ಗೊತ್ತಾಯಿತು, ಮಾಡಲು ಬರುವುದಿಲ್ಲ. ಮೊಣಕೈ ಎಷ್ಟು ಬಾಗಬೇಕು, ಭಾರವನ್ನು ಸೊಂಟದಿಂದ ಹೇಗೆ ತರಬೇಕು, ನೀಲಿ ದಟ್ಟವಾದರೆ ಅದು ಹೇಗೆ ಸುಳ್ಳು ಹೇಳುತ್ತದೆ ಎಂಬುದನ್ನು ಹಳಬರೊಬ್ಬರು ಕೈ ಹಿಡಿದು ತಿದ್ದಬೇಕು. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಚಿಂತಕ ಮೈಕೆಲ್ ಪೊಲಾನ್ಯಿ 1966ರ ತಮ್ಮ ಪುಸ್ತಕದಲ್ಲಿ ಇದನ್ನೇ ಚರ್ಚಿಸಿದರು. ಮನುಷ್ಯನಿಗೆ ತಿಳಿದಿರುವುದು ಅವನು ಬಾಯಿಬಿಟ್ಟು ಹೇಳಬಲ್ಲದ್ದಕ್ಕಿಂತ ಯಾವಾಗಲೂ ಹೆಚ್ಚು ಎಂಬುದು ಅವರ ವಾದದ ತಿರುಳು.

ದಾವಣಗೆರೆಯವರಿಗೆ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೆಣ್ಣೆದೋಸೆ. ಊರಿನಲ್ಲಿ ಹೇಳುವ ಪ್ರಕಾರ 1928ರಲ್ಲಿ ಬೆಳಗಾವಿ ಜಿಲ್ಲೆಯ ಬೇಡಕಿಹಾಳದಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಇಲ್ಲಿ ದೋಸೆ ಮಾಡಿ ಮಾರಲು ಶುರು ಮಾಡಿದರು. ಮಕ್ಕಳು ಆ ಕೆಲಸವನ್ನು ಮುಂದುವರಿಸಿ ಇಂದಿನ ರೂಪಕ್ಕೆ ತಂದರು. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಎಂದು ಹಿಟ್ಟಿನ ಲೆಕ್ಕ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ಸೌದೆ ಒಲೆಯ ಹೆಂಚು ಕಾದದ್ದು ಸಾಕೋ ಬೇಕೋ ಎಂದು ಒಂದು ಚಿಮುಕು ನೀರಿನ ಸದ್ದಿನಲ್ಲೇ ತಿಳಿಯುವುದು ಭಟ್ಟರ ಪಕ್ಕ ನಿಂತು ತಿಂಗಳುಗಟ್ಟಲೆ ದುಡಿದವರಿಗೆ ಮಾತ್ರ.

ಕಂಪ್ಯೂಟರ್ ಬಂದ ಮೇಲೆ ಈ ಬಗೆಯ ಅರಿವು ಬೇಡವಾಗಿದೆ ಎಂದು ತಿಳಿಯುವುದು ತಪ್ಪು. ಸಿಎನ್‌ಸಿ ಯಂತ್ರದಲ್ಲಿ ತೆಳುಗೋಡೆಯ ಬುಷ್ ಒಂದನ್ನು ತಿರುವಿಸಿ ಅಳೆದರೆ ಚಕ್‌ನಲ್ಲಿದ್ದಾಗ ಅದು ಪಕ್ಕಾ ವೃತ್ತ. ಹೊರಗೆ ತೆಗೆದು ಅಳೆದರೆ ಮೊಟ್ಟೆಯಾಕಾರ. ಪ್ರೋಗ್ರಾಂ ಸರಿಯಿದೆ, ಟೂಲ್ ಆಫ್‌ಸೆಟ್ ಸರಿಯಿದೆ. ಹೊಸ ಆಪರೇಟರ್ ತಲೆ ಕೆರೆದುಕೊಳ್ಳುತ್ತಾನೆ. ಹಳೆಯ ಟರ್ನರ್ ಒಬ್ಬರು ಬಂದು, “ಚಕ್ ಬಿಗಿ ಜಾಸ್ತಿ ಐತಿ ತಮ್ಮಾ, ಪ್ರೆಶರ್ ಇಳಿಸಿ ನೋಡು” ಎಂದರೆ ಅರ್ಧ ದಿನದ ಒದ್ದಾಟ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಕೊಂಡಿ ಕಳಚಿದ್ದು ಎಲ್ಲಿ?

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಆರಂಭದಲ್ಲಿ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಹೀಗೆ ಮುಚ್ಚಿದಾಗ ಬಾಕಿ ಸಂಬಳ, ಪಿಎಫ್, ಜಾಗ, ಯಂತ್ರಗಳ ಲೆಕ್ಕಾಚಾರಕ್ಕೆ ನ್ಯಾಯಾಲಯಗಳಿವೆ, ಅಧಿಕಾರಿಗಳಿದ್ದಾರೆ. ಕಾರ್ಮಿಕರ ಕೈಯಲ್ಲಿದ್ದ ವಿದ್ಯೆಯನ್ನು ಮಾತ್ರ ಯಾರೂ ಆಸ್ತಿ ಎಂದು ಬರೆದುಕೊಳ್ಳುವುದಿಲ್ಲ. ಸ್ವಂತ ವರ್ಕ್‌ಶಾಪ್ ತೆರೆದವರ, ಐಟಿಐಗಳಲ್ಲಿ ಪಾಠ ಹೇಳಿದವರ ವಿದ್ಯೆ ಮುಂದಿನವರಿಗೆ ದಾಟಿತು. ಆಟೋ ಓಡಿಸಲು, ಕಿರಾಣಿ ಅಂಗಡಿ ಇಡಲು ಹೋದವರ ಕೈಗುಣ ಅವರೊಂದಿಗೇ ನಿಂತಿತು.

ನಡೆಯುತ್ತಿರುವ ಕಾರ್ಖಾನೆ, ಕಚೇರಿಗಳಲ್ಲಿ ಕೊಂಡಿ ಸಡಿಲವಾಗಿರುವುದಕ್ಕೆ ಬೇರೆ ಕಾರಣಗಳಿವೆ. ಮೊದಲನೆಯದು ಹೊತ್ತಿನ ಅಭಾವ. ಪಾಳಿಗೆ ಇಂತಿಷ್ಟು ತುಂಡು ಎಂಬ ಗುರಿ ಇದ್ದಾಗ, ಪಕ್ಕದ ಹುಡುಗನಿಗೆ ತೋರಿಸುತ್ತ ನಿಂತ ಹಿರಿಯರ ಲೆಕ್ಕ ಕಡಿಮೆಯಾಗುತ್ತದೆ. ಕಲಿಸಿದ ತಪ್ಪಿಗೆ ಅವರೇ ಬೈಸಿಕೊಳ್ಳಬೇಕು. ಎರಡನೆಯದು ಭಯ. ಎಲ್ಲವನ್ನೂ ಹೇಳಿಕೊಟ್ಟರೆ ಕಡಿಮೆ ಸಂಬಳದ ಹುಡುಗನನ್ನು ಇಟ್ಟುಕೊಂಡು ತಮ್ಮನ್ನು ಕಳಿಸಿಬಿಟ್ಟಾರು ಎಂಬ ಆತಂಕ ಕಾರಣವಿಲ್ಲದ್ದಲ್ಲ. ಮೂರನೆಯದು ಗುತ್ತಿಗೆ ಪದ್ಧತಿ. ಹನ್ನೊಂದು ತಿಂಗಳಿಗೆ ಬಂದು ಹೋಗುವವರಿಗೆ ಯಾರು ಮನಸ್ಸಿಟ್ಟು ಕಲಿಸುತ್ತಾರೆ? ಕಲಿಯುವವರಾದರೂ ಯಾಕೆ ಮನಸ್ಸಿಡಬೇಕು? ಹೀಗಿರುವಾಗ ‘ಈಗಿನ ಹುಡುಗರಿಗೆ ತಾಳ್ಮೆಯಿಲ್ಲ’ ಎಂದು ಹಿರಿಯರೂ, ‘ಹಳಬರು ಗುಟ್ಟು ಬಿಡುವುದಿಲ್ಲ’ ಎಂದು ಕಿರಿಯರೂ ಪರಸ್ಪರ ದೂರುವುದು ಇಬ್ಬರಿಗೂ ಅನ್ಯಾಯ. ಕೆಲಸವನ್ನು ಏರ್ಪಡಿಸಿದ ಕ್ರಮದಲ್ಲೇ ದೋಷವಿದೆ.

ಕಲಿಸುವುದಕ್ಕೂ ಒಂದು ಕ್ರಮ

ಚೆನ್ನಾಗಿ ಕೆಲಸ ಬಲ್ಲವರೆಲ್ಲ ಚೆನ್ನಾಗಿ ಕಲಿಸಬಲ್ಲರೇ? ಇಲ್ಲ. ಮೂವತ್ತು ವರ್ಷದ ರೂಢಿಯಿಂದ ಕೈ ತಾನಾಗಿಯೇ ನಡೆಯುವವರಿಗೆ ತಾವು ಏನು ಮಾಡುತ್ತಿದ್ದೇವೆ ಎಂಬುದೇ ಗಮನಕ್ಕೆ ಬರುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಇದನ್ನು ಎದುರಿಸಿತು. ನುರಿತವರು ಸೈನ್ಯಕ್ಕೆ ಹೋದಾಗ ಯಂತ್ರವನ್ನೇ ಕಾಣದವರು ಕಾರ್ಖಾನೆಗೆ ಬಂದರು. ಅವರನ್ನು ಬೇಗ ತಯಾರು ಮಾಡಲು 1940ರಿಂದ 1945ರವರೆಗೆ ‘ಟ್ರೇನಿಂಗ್ ವಿಥಿನ್ ಇಂಡಸ್ಟ್ರಿ’ ಎಂಬ ಯೋಜನೆ ನಡೆಯಿತು. ಅದು ತರಬೇತಿ ಕೊಟ್ಟದ್ದು ಹೊಸಬರಿಗಲ್ಲ, ಅವರಿಗೆ ಕಲಿಸಬೇಕಿದ್ದ ಮೇಲ್ವಿಚಾರಕರಿಗೆ. ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿ ಪಳಗಿದರು. ಯುದ್ಧದ ನಂತರ ಜಪಾನ್ ಅದನ್ನು ಎತ್ತಿಕೊಂಡಿತು. ಟೊಯೊಟಾದಂಥ ಕಂಪನಿಗಳ ಕಾರ್ಯವಿಧಾನದಲ್ಲಿ ಅದರ ಬೇರುಗಳಿವೆ.

ಆ ಕ್ರಮದಲ್ಲಿದ್ದದ್ದು ನಾಲ್ಕೇ ಹೆಜ್ಜೆ. ಮೊದಲು ಕಲಿಯುವವರ ಅಂಜಿಕೆ ಕಳೆದು, ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ ತಿಳಿಯುವುದು. ಎರಡನೆಯದಾಗಿ ಕೆಲಸವನ್ನು ಬಿಡಿಬಿಡಿಯಾಗಿ ಮಾಡಿ ತೋರಿಸುತ್ತ, ಪ್ರತಿ ಹಂತದಲ್ಲಿ ಜಾಗ್ರತೆ ಎಲ್ಲಿರಬೇಕು, ಯಾಕಿರಬೇಕು ಎಂದು ಹೇಳುವುದು. ಮೂರನೆಯದಾಗಿ ಅವರಿಂದಲೇ ಮಾಡಿಸಿ, ಮಾಡುತ್ತ ವಿವರಿಸಲು ಹೇಳುವುದು. ಕೊನೆಗೆ ಅವರನ್ನು ಅವರ ಪಾಡಿಗೆ ಬಿಟ್ಟು, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ತೋರಿಸಿ, ಆಗಾಗ ಹೋಗಿ ನೋಡುವುದು. ಕಲಿಯುವವನು ಕಲಿಯದಿದ್ದರೆ ಕಲಿಸಿದವನು ಕಲಿಸಿಲ್ಲವೆಂದೇ ಅದು ಲೆಕ್ಕ ಹಿಡಿಯಿತು.

ನಮ್ಮ ವರ್ಕ್‌ಶಾಪ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡನೆಯ ಹೆಜ್ಜೆಯ ಅರ್ಧ ಮಾತ್ರ: “ನೋಡ್ಕೋ, ಹಿಂಗ್ ಮಾಡ್ಬೇಕು.” ಯಾಕೆ ಹಾಗೆ ಎಂಬ ಮಾತು ಬಿಟ್ಟುಹೋಗುತ್ತದೆ. ಕಾರಣ ತಿಳಿಯದೆ ಕಲಿತವನು ಪರಿಸ್ಥಿತಿ ಬದಲಾದ ದಿನ ಕೈಚೆಲ್ಲುತ್ತಾನೆ. ಜರ್ಮನಿಯಲ್ಲಿ ಕಾರ್ಖಾನೆಯ ಅಪ್ರೆಂಟಿಸ್‌ಗಳಿಗೆ ಕಲಿಸುವ ಹೊಣೆ ಹೊರುವವರಿಗೂ ಪ್ರತ್ಯೇಕ ಪರೀಕ್ಷೆಯಿದೆ. ಕೆಲಸ ಬಲ್ಲವರು ಎಂಬಷ್ಟಕ್ಕೇ ಅವರನ್ನು ಗುರು ಎನ್ನುವುದಿಲ್ಲ.

ಕಿರಿಯರೂ ಕಲಿಸುವ ಕಾಲ

1999ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ ಐನೂರು ಹಿರಿಯ ಅಧಿಕಾರಿಗಳಿಗೆ ಒಂದು ಸೂಚನೆ ಕೊಟ್ಟರು. ಪ್ರತಿಯೊಬ್ಬರೂ ಇಂಟರ್‌ನೆಟ್ ಬಲ್ಲ ಕಿರಿಯ ನೌಕರರೊಬ್ಬರನ್ನು ಹುಡುಕಿಕೊಂಡು ಅವರಿಂದ ಕಲಿಯಬೇಕು ಎಂದು. ತಮಗೂ ಒಬ್ಬರನ್ನು ಗೊತ್ತು ಮಾಡಿಕೊಂಡರು. ಇದನ್ನು ‘ರಿವರ್ಸ್ ಮೆಂಟರಿಂಗ್’ ಎಂದು ಕರೆದರು.

ನಮ್ಮಲ್ಲಿ ಅದನ್ನು ತಂದದ್ದು ತೆರಿಗೆ ಪದ್ಧತಿ ಎನ್ನಬಹುದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ದಾವಣಗೆರೆಯಂಥ ವ್ಯಾಪಾರದ ಊರಿನಲ್ಲಿ ಅಂಗಡಿ ಅಂಗಡಿಗೂ ಲೆಕ್ಕದ ರೀತಿ ಬದಲಾಯಿತು. ಖಾತೆ ಪುಸ್ತಕದಲ್ಲಿ ಬೆರಳೋಡಿಸಿ ಬಾಕಿ ಹೇಳಬಲ್ಲ ಹಿರಿಯ ಗುಮಾಸ್ತರು, ಬಿ.ಕಾಂ ಮುಗಿಸಿ ಬಂದ ಹುಡುಗಿಯ ಪಕ್ಕ ಕೂತು ರಿಟರ್ನ್ ಸಲ್ಲಿಸುವುದನ್ನು ಕಲಿಯಬೇಕಾಯಿತು. ಆದರೆ ಯಾವ ಹಳ್ಳಿಯ ಯಾವ ಗಿರಾಕಿಗೆ ಎಷ್ಟು ಉದ್ದರಿ ಕೊಡಬಹುದು, ಮೆಕ್ಕೆಜೋಳದ ಲೋಡಿನಲ್ಲಿ ತೇವ ಎಷ್ಟಿದ್ದರೆ ದರ ಹೇಗೆ ಇಳಿಯುತ್ತದೆ, ಕೊಟ್ಟ ಮಾತಿಗೆ ಯಾರು ನಿಲ್ಲುತ್ತಾರೆ ಎಂಬುದನ್ನು ಯಾವ ಸಾಫ್ಟ್‌ವೇರ್ ಕೂಡ ಆ ಹುಡುಗಿಗೆ ಹೇಳಲಾರದು. ಇಬ್ಬರ ಬಳಿಯೂ ಇನ್ನೊಬ್ಬರಿಗೆ ಬೇಕಾದದ್ದು ಇದೆ. ಹೀಗೆ ಎರಡೂ ಕಡೆಯಿಂದ ಕೊಡುಕೊಳ್ಳುವಿಕೆ ಇರುವಲ್ಲಿ ‘ನನ್ನ ಜಾಗ ಹೋದೀತು’ ಎಂಬ ಹಿರಿಯರ ಭಯ ಕಡಿಮೆಯಾಗುತ್ತದೆ, ‘ನಮ್ಮ ಮಾತು ಯಾರೂ ಕೇಳುವುದಿಲ್ಲ’ ಎಂಬ ಕಿರಿಯರ ಬೇಸರವೂ ತಗ್ಗುತ್ತದೆ.

1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜಿನ ಈ ಊರಿಗೆ ಇನ್ನೊಂದು ಮಾದರಿಯೂ ಗೊತ್ತು. ವಾರ್ಡಿನಲ್ಲಿ ಪ್ರಾಧ್ಯಾಪಕರು ಸ್ನಾತಕೋತ್ತರ ವಿದ್ಯಾರ್ಥಿಗೆ, ಆತ ಹೌಸ್ ಸರ್ಜನ್‌ಗೆ, ಆಕೆ ಕಿರಿಯ ವಿದ್ಯಾರ್ಥಿಗೆ ಹೇಳಿಕೊಡುವುದು ವೈದ್ಯಕೀಯ ಶಿಕ್ಷಣದ ಹಳೆಯ ಕ್ರಮ. ಅಲ್ಲಿ ಕಲಿಸುವುದು ಹುದ್ದೆಯ ಭಾಗ. ಆ ಹೊತ್ತನ್ನು ಯಾರೂ ವ್ಯರ್ಥವಾದ ಹೊತ್ತು ಎನ್ನುವುದಿಲ್ಲ. ಹಾಗೆಂದು ಶಿಕ್ಷಣ ಸಂಸ್ಥೆಗಳಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. ನ್ಯಾಕ್ ಮಾನ್ಯತೆಗೆ ಮೆಂಟರ್ ಮತ್ತು ವಿದ್ಯಾರ್ಥಿಗಳ ಅನುಪಾತವೂ ಒಂದು ಅಳತೆ. ಸಹಿ ಹಾಕಿದ ರಿಜಿಸ್ಟರ್ ಅನುಪಾತವನ್ನು ತೋರಿಸಬಲ್ಲದು, ಮಾತುಕತೆ ನಡೆಯಿತೇ ಎಂಬುದನ್ನು ತೋರಿಸಲಾರದು.

ಕೈ ಹಿಡಿಯುವುದು ಯಾರನ್ನು?

ಹಳೆಯ ಪದ್ಧತಿಯನ್ನು ಹೊಗಳುವಾಗ ಅದರ ಕತ್ತಲೆಯನ್ನೂ ನೋಡಬೇಕು. ನಮ್ಮಲ್ಲಿ ಕಸುಬು ಬಹುಕಾಲ ಜಾತಿಯೊಳಗೇ ದಾಟಿದ್ದು. ಹೊರಗಿನವರಿಗೆ ಬಾಗಿಲು ಮುಚ್ಚಿತ್ತು. ಗಿರಣಿ, ಕಾರ್ಖಾನೆಗಳು ಆ ಬಾಗಿಲನ್ನು ಒಂದಿಷ್ಟು ತೆರೆದವು. ಆದರೂ ಹಿರಿಯರು ತಮ್ಮ ಪಾಡಿಗೆ ಶಿಷ್ಯರನ್ನು ಆರಿಸಿಕೊಂಡಾಗ ತಮ್ಮ ಊರಿನವರು, ತಮ್ಮ ಜನ, ತಮ್ಮಂತೆ ಮಾತಾಡುವವರು ಎಂದೇ ಕೈ ಚಾಚುವುದು ಇಂದಿಗೂ ಇದೆ. ಹುಡುಗಿಯರಿಗೆ ಇದು ಇನ್ನೂ ಕಷ್ಟ. ಪಾಳಿ ಮುಗಿದ ಮೇಲೆ ಚಹದಂಗಡಿಯಲ್ಲಿ ನಡೆಯುವ ಮಾತಿನಲ್ಲಿ ಎಷ್ಟೋ ಪಾಠಗಳಿರುತ್ತವೆ. ಅಲ್ಲಿಗೆ ಅವರು ಹೋಗಲಾರರು. ಆದ್ದರಿಂದ ಯಾರಿಗೆ ಯಾರು ಮಾರ್ಗದರ್ಶಕರು ಎಂಬುದನ್ನು ಸಂಸ್ಥೆಯೇ ಗೊತ್ತುಮಾಡಬೇಕು. ಆ ಮಾತುಕತೆ ಕೆಲಸದ ಹೊತ್ತಿನಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ ನಡೆಯಬೇಕು. ಹತ್ತು ಅಥವಾ ಹೆಚ್ಚು ಜನರಿರುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಡ್ಡಾಯ. ಅದು ಕಾಗದದಲ್ಲಿ ಮಾತ್ರ ಇರುವ ಕಡೆ ಯಾವ ತಂದೆತಾಯಿಯೂ ಮಗಳನ್ನು ನಂಬಿ ಕಳಿಸಲಾರರು.

ಇನ್ನೊಂದು ಎಚ್ಚರವೂ ಬೇಕು. ‘ಕೆಲಸ ಕಲಿಯಲಿ ಬಿಡಿ’ ಎಂಬ ಮಾತಿನ ಮರೆಯಲ್ಲಿ ಮಕ್ಕಳನ್ನು ದುಡಿಸಿದ ಚರಿತ್ರೆ ನಮ್ಮದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಬಾಲ್ಯ ಕಳೆದವರು ಈ ಊರಿನಲ್ಲೇ ಇದ್ದಾರೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಕೆಲಸಕ್ಕಿಡುವುದನ್ನು, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕಿಡುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಕಲಿಕೆ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಮೆ ನಡೆದರೆ ಅದಕ್ಕೆ ಗುರು–ಶಿಷ್ಯ ಸಂಬಂಧದ ಗೌರವ ಸಲ್ಲದು.

ಏನು ಮಾಡಬಹುದು?

ಕಾನೂನಿನ ಚೌಕಟ್ಟು ನಮ್ಮಲ್ಲಿ ಈಗಾಗಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ 2019ರ ನಿಯಮಗಳಂತೆ ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಪ್ರೋತ್ಸಾಹ ಯೋಜನೆಯಡಿ ಭರಿಸುತ್ತದೆ. ತರಬೇತಿಗೆ ಅರ್ಹ ವ್ಯಕ್ತಿಯೊಬ್ಬರು ಹೊಣೆಯಾಗಿರಬೇಕು ಎಂದೂ ಕಾಯ್ದೆ ಹೇಳುತ್ತದೆ. ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿಯ ಡಿಪ್ಲೊಮಾದಲ್ಲಿ ಮೂರು ವರ್ಷದ ಪಾಠದ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ಕಳೆಯಬೇಕು. ದಾವಣಗೆರೆಯಲ್ಲಿ 1951ರ ಬಿಡಿಟಿ ಮತ್ತು 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಲಿಯುವವರಿಗೆ ಇಲ್ಲಿ ಕೊರತೆಯಿಲ್ಲ. ಕಲಿಸುವ ಹಿರಿಯರಿಗೆ ಸಲ್ಲಬೇಕಾದ್ದು ಸಲ್ಲುತ್ತಿಲ್ಲ.

ಅದಕ್ಕಾಗಿ ಸಂಸ್ಥೆಗಳು ನಾಲ್ಕು ಕೆಲಸಗಳನ್ನು ದೊಡ್ಡ ಖರ್ಚಿಲ್ಲದೆ ಮಾಡಬಹುದು. ಅಪ್ರೆಂಟಿಸ್‌ಗೆ ಕಲಿಸುವ ನೌಕರರ ದಿನದ ಗುರಿಯನ್ನು ಅಷ್ಟರ ಮಟ್ಟಿಗೆ ಇಳಿಸಿ, ಕಲಿಸುವ ಭತ್ಯೆ ಎಂದು ಸಂಬಳದ ಚೀಟಿಯಲ್ಲಿ ಪ್ರತ್ಯೇಕ ಸಾಲು ಬರೆಯುವುದು. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಹಿರಿಯ ನೌಕರರ ಜೊತೆ ಒಬ್ಬ ಕಿರಿಯರನ್ನು ಹಾಕುವುದು. ಬೀಳ್ಕೊಡುಗೆಯ ವಾರದಲ್ಲಿ ಫೈಲ್ ಒಪ್ಪಿಸಿದರೆ ಅನುಭವ ದಾಟುವುದಿಲ್ಲ. ಕಲಿಸಿದ್ದಕ್ಕಾಗಿ ಯಾರ ಕೆಲಸವೂ ಹೋಗುವುದಿಲ್ಲ ಎಂದು ಆಡಳಿತ ಲಿಖಿತವಾಗಿ ಹೇಳುವುದು. ಅಪರೂಪದ ಕೆಲಸಗಳನ್ನು ಹಿರಿಯರ ಮಾತಿನಲ್ಲೇ, ಕನ್ನಡದಲ್ಲೇ ಮೊಬೈಲಿನಲ್ಲಿ ಚಿತ್ರೀಕರಿಸಿ ಇಡುವುದು. ಚಿತ್ರೀಕರಣದ ಹೊಣೆ ಕಿರಿಯರದ್ದಾದರೆ ಕೇಳುವ ಪ್ರಶ್ನೆಗಳೂ ಅವರವೇ ಆಗುತ್ತವೆ.

ಮಿಲ್ಲುಗಳು, ಕಿರ್ಲೋಸ್ಕರ್ ಕಾರ್ಖಾನೆ ಮತ್ತೆ ತೆರೆಯಲಾರವು. ಅಲ್ಲಿ ದುಡಿದ ಟರ್ನರ್, ಫಿಟ್ಟರ್, ಮೌಲ್ಡರ್‌ಗಳಲ್ಲಿ ಇನ್ನೂ ನಮ್ಮ ನಡುವೆ ಇರುವವರನ್ನು ದಾವಣಗೆರೆ–ಹರಿಹರದ ಐಟಿಐಗಳು, ಎಂಜಿನಿಯರಿಂಗ್ ಕಾಲೇಜುಗಳು, ಕೈಗಾರಿಕಾ ಸಂಘಗಳು ಹುಡುಕಿ, ಗೌರವಧನ ಕೊಟ್ಟು ವಾರಕ್ಕೊಂದು ದಿನವಾದರೂ ವರ್ಕ್‌ಶಾಪಿಗೆ ಕರೆಸಬೇಕು. ಈಗ ಕೆಲಸದಲ್ಲಿರುವ ಹಿರಿಯರಿಗೆ ಮಾಲೀಕರು ಕಲಿಸಲು ಹೊತ್ತು ಕೊಡಬೇಕು, ಆ ಹೊತ್ತಿಗೆ ಕೂಲಿ ಕೊಡಬೇಕು. ಕಿರಿಯರು ಸಂಕೋಚ ಬಿಟ್ಟು ‘ಯಾಕೆ’ ಎಂದು ಕೇಳಬೇಕು. ಈ ಕೆಲಸಕ್ಕೆ ಹೊಸ ಕಾನೂನೂ ಬೇಡ, ಹೊಸ ಕಟ್ಟಡವೂ ಬೇಡ. ಬರುವ ತಿಂಗಳೇ ಶುರು ಮಾಡಬಹುದು. ತಡ ಮಾಡಿದಷ್ಟೂ ಹೇಳಿಕೊಡುವವರು ಕಡಿಮೆಯಾಗುತ್ತಾರೆ.